ನಿವೃತ್ತ ಈಜುಗಾರ್ತಿಯ ಹತ್ತಿರ ಈಜು ಕಲಿಯುವುದು: ದೊಡ್ಡವರ ಬ್ಯಾಚ್ ಬಗ್ಗೆ ನನ್ನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ದೊಡ್ಡವರಾದ ಮೇಲೆ ಈಜು ಕಲಿಯಬೇಕು ಅಂತ ಯೋಚನೆ ಮಾಡುತ್ತಿರುವವರು ಪಾರ್ಕಿಂಗ್ ಇದೆಯಾ, ನೀರು ಬೆಚ್ಚಗಿರುತ್ತದಾ, ಮನೆಗೆ ಎಷ್ಟು ದೂರ ಅಂತೆಲ್ಲ ಕೇಳುವ ಮುಂಚೆ ಕಲಿಸುವವರು ಯಾರು ಅಂತ ಕೇಳಿ. ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಈಜಿ ನಿವೃತ್ತರಾದವರು ಯಾರಾದರೂ ಸಿಕ್ಕರೆ, ಸ್ವಲ್ಪ ದೂರವಾದರೂ ಅಲ್ಲಿಗೇ ಹೋಗಿ. ನಾನು ಹೋಗುತ್ತಿರುವುದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಕೊಳಕ್ಕೆ. ಅದರ ಹೆಸರು ಹಾಕುತ್ತಿಲ್ಲ. ಅಲ್ಲಿನ ಆಡಳಿತದ ಬಗ್ಗೆ ನನಗೆ ಕೆಲವು ದೂರುಗಳಿವೆ, ಜೊತೆಗೆ ನಮ್ಮ ಕೋಚ್ ತಮ್ಮ ಹೆಸರು ಎಲ್ಲೂ ಬರೆಯಬೇಡಿ ಅಂತ ಕೇಳಿಕೊಂಡಿದ್ದಾರೆ. ಹಾಗಾಗಿ ಇದನ್ನು ಒಂದು ಕೊಳದ ವಿಮರ್ಶೆ ಅನ್ನುವುದಕ್ಕಿಂತ ಇಂಥ ಕ್ಲಾಸಿನ ವಿಮರ್ಶೆ ಅಂತ ಓದಿಕೊಳ್ಳಿ.

ವಿವರ ಇಷ್ಟು. ಬೆಳಿಗ್ಗೆ 6ರಿಂದ 7, ವಾರಕ್ಕೆ ನಾಲ್ಕು ದಿನ. ತಿಂಗಳಿಗೆ 5,000 ರೂಪಾಯಿ. 25 ಮೀಟರ್ ಕೊಳ. ಒಂದು ಬ್ಯಾಚ್‌ಗೆ ಎಂಟು ಜನ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಮೂವತ್ತರ ಆಸುಪಾಸಿನ ಹುಡುಗಿಯಿಂದ ಹಿಡಿದು ಬ್ಯಾಂಕಿನಿಂದ ರಿಟೈರ್ ಆದವರ ತನಕ ಎಲ್ಲ ವಯಸ್ಸಿನವರೂ ಇದ್ದೇವೆ. ಟೋಪಿ, ಕನ್ನಡಕ, ಬಟ್ಟೆ ಎಲ್ಲ ನಮ್ಮದೇ. ಕಿಕ್ ಬೋರ್ಡ್ ಅವರೇ ಕೊಡುತ್ತಾರೆ.

ಕೋಚ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ಕ್ಲಾಸ್ ನಿಂತಿರುವುದೇ ಅವರ ಮೇಲೆ. ಏಳನೇ ವಯಸ್ಸಿಗೆ ನೀರಿಗಿಳಿದವರು. 200 ಮೀಟರ್ ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಈಜುವುದು, ಅವರ ಮುಖ್ಯ ಸ್ಪರ್ಧೆ. ರಾಜ್ಯ ತಂಡದಲ್ಲಿ ವರ್ಷಗಟ್ಟಲೆ ಇದ್ದರು, ನ್ಯಾಷನಲ್ಸ್‌ನಲ್ಲಿ ಪದಕ ಗೆದ್ದರು. ಇಪ್ಪತ್ತೊಂದಕ್ಕೆ ನಿಲ್ಲಿಸಿದರು. ಭುಜದ ನೋವು ಒಂದು ಕಾರಣ, ಓದು ಇನ್ನೊಂದು, ದುಡ್ಡು ಮೂರನೆಯದು. ಆಮೇಲೆ ಕೆಲವು ವರ್ಷ ಕಂಪನಿ ಕೆಲಸ ಮಾಡಿದರು. ಈಗ ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಮಕ್ಕಳ ಬ್ಯಾಚ್. ಇದನ್ನೆಲ್ಲ ಅವರು ಒಂದೇ ದಿನ ಕೂತು ಹೇಳಿದ್ದಲ್ಲ. ಕ್ಲಾಸ್ ಮುಗಿದ ಮೇಲೆ ಟವಲ್ ಹೊದ್ದುಕೊಂಡು ನಾವು ಕೇಳಿದ್ದಕ್ಕೆ ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು.

ಈಗ ಕಲಿಸುವ ವಿಷಯಕ್ಕೆ ಬರುತ್ತೇನೆ. ಬೇರೆ ಕಡೆ ಬೇಸಿಗೆ ಶಿಬಿರಗಳಲ್ಲಿ ನಾನು ನೋಡಿದ್ದು ಏನೆಂದರೆ, ಕಂಬಿ ಹಿಡಿದುಕೊಂಡು ಕಾಲು ಬಡಿ, ಬೋರ್ಡ್ ಹಿಡಿದುಕೊಂಡು ಕಾಲು ಬಡಿ, ಆಮೇಲೆ ಕೈ ತಿರುಗಿಸು, ಅಷ್ಟೇ. ಯಾರು ಬಂದರೂ ಅದೇ ಪಾಠ, ಅದೇ ಕ್ರಮ. ಇವರು ಮೊದಲ ದಿನ ನಮ್ಮನ್ನು ಏನೂ ಮಾಡಿಸಲಿಲ್ಲ. ಎದೆ ಮಟ್ಟದ ನೀರಿನಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಯಿರಿ ಅಂದರು. ನಾವು ನಡೆದೆವು. ಅವರು ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ನಿಮಗೆ ನೀರು ಮುಖಕ್ಕೆ ಹಾರಿದರೆ ಭಯ, ನಿಮಗೆ ಮುಖದ ಭಯ ಇಲ್ಲ ಆದರೆ ನೆಲ ಸಿಗದಿದ್ದರೆ ಭಯ, ನೀವು ಉಸಿರು ಬಿಗಿ ಹಿಡಿದುಕೊಂಡೇ ನಡೆಯುತ್ತಿದ್ದೀರಿ ಅಂತ ಹೇಳಿದರು. ಅನುಭವಿ ದರ್ಜಿ ಟೇಪ್ ತೆಗೆಯುವ ಮುಂಚೆಯೇ ಭುಜ ನೋಡಿ ಅಳತೆ ಹೇಳಿದ ಹಾಗೆ. ಮೂರನೆಯದು ನನಗೆ ಹೇಳಿದ್ದು. ನಿಜವಾಗಿಯೂ ಉಸಿರು ಹಿಡಿದುಕೊಂಡಿದ್ದೆ, ಅವರು ಹೇಳುವ ತನಕ ನನಗೇ ಅದು ಗೊತ್ತಿರಲಿಲ್ಲ.

ಉಸಿರಿನ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ದೊಡ್ಡವರು ಈಜು ಬಿಟ್ಟು ಹೋಗುವುದು ಇಲ್ಲಿಯೇ. ನಮಗೆಲ್ಲ ಅನ್ನಿಸುವುದು ಏನು? ನೀರಿನಲ್ಲಿ ಉಸಿರು ಸಾಲುತ್ತಿಲ್ಲ, ಆದ್ದರಿಂದ ಇನ್ನೂ ಜಾಸ್ತಿ ಎಳೆದುಕೊಳ್ಳಬೇಕು ಅಂತ. ನಿಜ ಸಂಗತಿ ಉಲ್ಟಾ. ನಾವು ಒಳಗೆ ಎಳೆದುಕೊಂಡದ್ದನ್ನು ಹೊರಗೆ ಬಿಡುವುದೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ, ಉಸಿರು ಕಟ್ಟಿದ ಹಾಗಾಗುವುದು ಮುಖ್ಯವಾಗಿ ಅದರಿಂದ. ಮುಖ ಮೇಲೆತ್ತಿದಾಗ ಇರುವ ಸಣ್ಣ ಸಮಯದಲ್ಲಿ ಬಿಡುವುದೂ ಆಗಬೇಕು, ಎಳೆದುಕೊಳ್ಳುವುದೂ ಆಗಬೇಕು. ಎರಡೂ ಆಗುವುದಿಲ್ಲ. ಆದ್ದರಿಂದ ಮುಖ ನೀರಿನಲ್ಲಿರುವಾಗಲೇ ಮೂಗಿನಿಂದ ನಿಧಾನವಾಗಿ ಗುಳ್ಳೆ ಬಿಡುತ್ತಲೇ ಇರಬೇಕು. ಇದು ಯಾವ ಕೋಚ್ ಆದರೂ ಹೇಳುತ್ತಾರೆ. ಇವರ ವ್ಯತ್ಯಾಸ ಏನೆಂದರೆ, ನೀರಿನ ಮೇಲೆ ಬರುವ ಗುಳ್ಳೆ ನೋಡಿಯೇ ಯಾರು ಹೇಗೆ ಬಿಡುತ್ತಿದ್ದಾರೆ ಅಂತ ಹೇಳುತ್ತಾರೆ. ದೊಡ್ಡ ಗುಳ್ಳೆ ಒಮ್ಮೆಲೇ ಬುಳುಕ್ ಅಂತ ಬಂದರೆ ಅದು ಹೆದರಿಕೆಯ ಉಸಿರು. ಸಣ್ಣ ಗುಳ್ಳೆಗಳು ಸಾಲಾಗಿ ಬಂದರೆ ಸರಿ. ನನ್ನ ಗುಳ್ಳೆ ಸಾಲಾಗಿ ಬರುವ ತನಕ ಕೈ ತಿರುಗಿಸುವ ಪಾಠಕ್ಕೆ ಅವರು ಬಿಡಲೇ ಇಲ್ಲ. ಪಕ್ಕದ ಲೇನ್‌ನವರು ಮುಂದೆ ಹೋಗುತ್ತಿದ್ದಾಗ ನನಗೆ ಬೇಜಾರಾಗುತ್ತಿತ್ತು. ಈಗ ಆ ನಿಧಾನವೇ ಈ ಕ್ಲಾಸಿನ ದೊಡ್ಡ ಗುಣ ಅನ್ನಿಸುತ್ತದೆ.

ಎರಡನೆಯದು ತಲೆ. ನಮ್ಮ ಬ್ಯಾಚ್‌ನಲ್ಲಿ ಮಂಡ್ಯ ಕಡೆಯ ಹಿರಿಯರೊಬ್ಬರಿದ್ದಾರೆ. ಚಿಕ್ಕವರಿದ್ದಾಗ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು, ಆಮೇಲೆ ನಾಲೆಯಲ್ಲಿ ಈಜಾಡಿದವರು. ನೀರಿನ ಭಯ ಒಂದು ಚೂರೂ ಇಲ್ಲ. ಆದರೆ ತಲೆ ಪೂರ್ತಿ ಎತ್ತಿಕೊಂಡೇ ಈಜುತ್ತಿದ್ದರು, ಎರಡು ಸುತ್ತಿಗೆ ಸುಸ್ತು. ಬೇರೆ ಯಾರಾದರೂ ಆಗಿದ್ದರೆ ಇದು ಈಜೇ ಅಲ್ಲ ಅಂದುಬಿಡುತ್ತಿದ್ದರು. ಕೋಚ್ ಹಾಗೆ ಮಾಡಲಿಲ್ಲ. ನಾಲೆಯಲ್ಲಿ ಇದೇ ಸರಿ, ಮುಂದೆ ಏನು ಬರುತ್ತಿದೆ ಅಂತ ಕಾಣಬೇಕಲ್ವಾ ಅಂದರು. ಆಮೇಲೆ ವಿವರಿಸಿದರು. ದೇಹದಲ್ಲಿ ತೇಲುವ ಭಾಗ ಎದೆ, ಅಲ್ಲಿ ಶ್ವಾಸಕೋಶ ಇದೆ. ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ತಲೆ ಎತ್ತಿದಷ್ಟೂ ಸೊಂಟ ಇಳಿಯುತ್ತದೆ. ಸೊಂಟ ಇಳಿದರೆ ಇಡೀ ದೇಹ ಓರೆಯಾಗಿ ನೀರನ್ನು ತಳ್ಳಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಅದನ್ನು ಎದೆ, ಹೊಟ್ಟೆಗಳಿಂದ ತಳ್ಳುತ್ತಾ ಹೋದರೆ ಎಂಥ ಬಲಶಾಲಿಯೂ ಸೋಲುತ್ತಾನೆ. ಕತ್ತು ಸಡಿಲ ಬಿಟ್ಟು ಕೊಳದ ತಳ ನೋಡಿ, ಮುಂದೆ ನೋಡಬೇಡಿ, ಅಷ್ಟೇ. ಆ ಹಿರಿಯರು ಈಗ ಇಡೀ ಬ್ಯಾಚ್‌ನಲ್ಲೇ ಚೆನ್ನಾಗಿ ಈಜುತ್ತಾರೆ.

ಈಜುವಾಗ ಕೋಚ್ ಅವರ ಕೈ ಎಲ್ಲಿ ಹೋಗುತ್ತದೆ, ಮೊಣಕೈ ಯಾವಾಗ ಬಾಗುತ್ತದೆ ಅನ್ನುವುದನ್ನು ದಂಡೆಯ ಮೇಲಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಒಂದು ದಿನ ನಮ್ಮನ್ನೆಲ್ಲ ನೀರಿನೊಳಗೆ ಮುಳುಗಿಸಿ, ತಾವು ನಮ್ಮ ಮೇಲಿಂದ ಈಜಿಕೊಂಡು ಹೋದರು. ಕೆಳಗಿನಿಂದ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗೈ ನೀರಿಗೆ ಇಳಿದ ಕೂಡಲೇ ಹಿಂದೆ ಎಳೆಯುವುದಿಲ್ಲ. ಒಂದು ಕ್ಷಣ ಮುಂದಕ್ಕೆ ಚಾಚುತ್ತದೆ. ಆಮೇಲೆ ಮೊಣಕೈ ಮೇಲೆಯೇ ಉಳಿಯುತ್ತದೆ, ಬೆರಳ ತುದಿ ಮಾತ್ರ ಕೆಳಗಿಳಿಯುತ್ತದೆ, ಮುಂಗೈಯಿಡೀ ಒಂದು ಹಲಗೆಯಾಗಿ ನಿಂತು ನೀರನ್ನು ಹಿಡಿಯುತ್ತದೆ. ನಂತರ ಕೈ ಹಿಂದೆ ಹೋಗುತ್ತಿಲ್ಲ, ಕೈ ಅಲ್ಲೇ ನಿಂತಿದೆ, ದೇಹವೇ ಅದನ್ನು ದಾಟಿ ಮುಂದೆ ಹೋಗುತ್ತಿದೆ ಅನ್ನಿಸುತ್ತದೆ. ಇದಕ್ಕೆ ಈಜುಗಾರರು ನೀರು ಹಿಡಿಯುವುದು ಅನ್ನುತ್ತಾರೆ. ಬೆರಳಿಗೆ ನೀರಿನ ಒತ್ತಡ ಗೊತ್ತಾಗಬೇಕು. ಕೆಲವು ದಿನ ಕೊಳ ಬಿಟ್ಟರೆ ಆ ಸೂಕ್ಷ್ಮ ಹೋಗಿಬಿಡುತ್ತದಂತೆ, ಅದಕ್ಕೇ ಸ್ಪರ್ಧೆಯ ಈಜುಗಾರರು ರಜೆಗೂ ಹೆದರುತ್ತಾರೆ. ಇಷ್ಟನ್ನು ವಿಡಿಯೋ ನೋಡಿ ಕಲಿಯಬಹುದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನ್ನ ಕೈಯನ್ನು ಅವರು ಹಿಡಿದು ನೀರಿನೊಳಗೆ ತಿರುಗಿಸಿದಾಗಲೇ ನನಗೆ ತಿಳಿದದ್ದು.

ಈ ಕಣ್ಣು, ಈ ಕೈ ಎಲ್ಲಿಂದ ಬಂತು ಅನ್ನುವುದನ್ನೂ ಈ ವಿಮರ್ಶೆಯಲ್ಲಿ ಬರೆಯಲೇಬೇಕು, ಏಕೆಂದರೆ ನಾವು ಫೀಸು ಕೊಡುತ್ತಿರುವುದು ಅದಕ್ಕೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಶಾಲೆಗೆ ಮುಂಚೆ ಎರಡು ಗಂಟೆ, ಶಾಲೆ ಮುಗಿದ ಮೇಲೆ ಮತ್ತೆ ಎರಡು ಗಂಟೆ. ಅಪ್ಪ ಸ್ಕೂಟರ್‌ನಲ್ಲಿ ಬಿಟ್ಟು ಹೊರಗೆ ಪೇಪರ್ ಓದುತ್ತಾ ಕಾಯುವುದು. ಡಿಸೆಂಬರ್ ಚಳಿಯಲ್ಲಿ ಬಿಸಿ ಮಾಡದ ನೀರು. ಒದ್ದೆ ತಲೆಯಲ್ಲೇ ಪರೀಕ್ಷೆ. ಮದುವೆ, ಹಬ್ಬ, ಟೂರ್ ಎಲ್ಲಕ್ಕೂ ಇಲ್ಲ ಅನ್ನುವುದು. ಹೀಗೆ ಹದಿನಾಲ್ಕು ವರ್ಷ. ಇದೆಲ್ಲ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಯುವ ಒಂದು ಸ್ಪರ್ಧೆಗೆ.

ಇವರದ್ದು ಒಬ್ಬರ ಕಥೆ ಅಲ್ಲ. ನಮ್ಮ ಬೆಂಗಳೂರಿನವರೇ ಆದ ನಿಶಾ ಮಿಲ್ಲೆಟ್ ಅವರನ್ನು ನೋಡಿ. ಐದನೇ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿಹೋಗುತ್ತಿದ್ದ ಮಗು ಅವರು. ಆ ಭಯ ಹೋಗಲಿ ಅಂತ ಅಪ್ಪ ಈಜು ಕಲಿಯಲು ಹಚ್ಚಿದರು, ಚೆನ್ನೈನಲ್ಲಿ. ಅದೇ ಹುಡುಗಿ 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆಯಾದರು. 1999ರ ನ್ಯಾಷನಲ್ ಗೇಮ್ಸ್‌ನಲ್ಲಿ 14 ಚಿನ್ನ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್. ತಮ್ಮ ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ತಮ್ಮ ಗುಂಪಿನಲ್ಲಿ, ಮೊದಲು ಬಂದರು, ಆದರೆ ಸೆಮಿಫೈನಲ್‌ಗೆ ಆ ಸಮಯ ಸಾಲಲಿಲ್ಲ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು. ಅದಾದ ಮೇಲೂ ಮತ್ತೆ ನೀರಿಗಿಳಿದು 2004ರ ಅಥೆನ್ಸ್‌ಗೆ ಪ್ರಯತ್ನಪಟ್ಟರು, ಅರ್ಹತೆಯ ಸಮಯ ಕೂದಲೆಳೆಯಲ್ಲಿ ತಪ್ಪಿತು. ಖರ್ಚಿನ ಭಾರವೂ ಸೇರಿ ಅದೇ ವರ್ಷ ನಿಲ್ಲಿಸಿದರು. ಆಗ ಅವರಿಗೆ 22 ವರ್ಷ. ಅರ್ಜುನ ಪ್ರಶಸ್ತಿ ಪಡೆದ, ಒಲಿಂಪಿಕ್ಸ್‌ಗೆ ಹೋಗಿ ಬಂದವರಿಗೂ 22ಕ್ಕೇ ದಾರಿ ಮುಗಿಯಿತು ಅಂದರೆ ಏನು ಹೇಳುವುದು? ಆಮೇಲೆ ಅವರು ಬೆಂಗಳೂರಿನಲ್ಲೇ ಈಜು ಅಕಾಡೆಮಿ ಶುರು ಮಾಡಿದರು. ನಮ್ಮ ಕೋಚ್ ಚಿಕ್ಕವರಿದ್ದಾಗ ನಿಶಾ ಅವರ ಪೇಪರ್ ಕಟಿಂಗ್‌ಗಳನ್ನು ನೋಟ್‌ಬುಕ್‌ನಲ್ಲಿ ಅಂಟಿಸಿ ಇಟ್ಟುಕೊಂಡಿದ್ದರಂತೆ.

ಶಿಖಾ ಟಂಡನ್ ಕೂಡ ಇಲ್ಲಿಯವರೇ. 2004ರ ಅಥೆನ್ಸ್‌ನಲ್ಲಿ ಈಜಿದರು, ಅರ್ಜುನ ಪ್ರಶಸ್ತಿ ಬಂತು. ಆಮೇಲೆ ಅಮೆರಿಕಕ್ಕೆ ಓದಲು ಹೋಗಿ, ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ವಿಜ್ಞಾನದ ಕೆಲಸಕ್ಕೆ ಸೇರಿದರು. ಒಳ್ಳೆಯ ದಾರಿ, ಆದರೆ ಕೊಳದಿಂದ ದೂರದ ದಾರಿ. ಕೊಲ್ಹಾಪುರದ ವೀರ್‌ಧವಳ್ ಖಾಡೆ ಅವರ ಕಥೆ ಹೇಳುವಾಗ ನಮ್ಮ ಕೋಚ್ ದನಿಯೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ನಿಹಾರ್ ಅಮೀನ್ ಅವರ ಹತ್ತಿರ ತರಬೇತಿ ಪಡೆದ ಹುಡುಗ. 16ನೇ ವಯಸ್ಸಿಗೆ ಬೀಜಿಂಗ್ ಒಲಿಂಪಿಕ್ಸ್. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು. ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ ಪದಕ ಬಂದದ್ದು 24 ವರ್ಷಗಳ ಮೇಲೆ, 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ನಂತರ ಅದೇ ಮೊದಲು. ಆಮೇಲೆ ಮಹಾರಾಷ್ಟ್ರ ಸರ್ಕಾರ ತಹಶೀಲ್ದಾರ್ ಹುದ್ದೆ ಕೊಟ್ಟಿತು, ಕೆಲಸದ ಒತ್ತಡದಲ್ಲಿ ಕೊಳ ವರ್ಷಗಟ್ಟಲೆ ದೂರವಾಯಿತು. ಅಷ್ಟಾದರೂ ಮತ್ತೆ ಬಂದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಫೈನಲ್ ಈಜಿದರು. ಕಂಚು ಕೈತಪ್ಪಿದ್ದು 0.01 ಸೆಕೆಂಡಿನಲ್ಲಿ. 2023ರಲ್ಲಿ ಗೋವಾದ ನ್ಯಾಷನಲ್ ಗೇಮ್ಸ್ ಮುಗಿಸಿ ನಿವೃತ್ತರಾದರು.

ಆ 0.01 ಸೆಕೆಂಡ್ ಅಂದರೆ ಎಷ್ಟು ಅಂತ ಕೋಚ್ ನಮಗೆ ತೋರಿಸಿದ್ದು ಹೀಗೆ. ಗೋಡೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಬೆರಳನ್ನು ಒಂದಷ್ಟು ಹಿಂದಕ್ಕೆ ತಂದು, ಇಷ್ಟು, ಅಂದರು. ಎರಡು ಸೆಂಟಿಮೀಟರ್ ಚಿಲ್ಲರೆ. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ, ಸೆಕೆಂಡಿಗೆ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಈಜುವವರಿಗೆ ಅಷ್ಟೇ ಆಗುತ್ತದೆ. ಉಗುರು ಬೆಳೆದಿದ್ದರೂ ಸಾಕಿತ್ತು ಅಂತ ಆ ಬ್ಯಾಂಕಿನವರು ನಿಟ್ಟುಸಿರು ಬಿಟ್ಟರು.

ನಿವೃತ್ತಿ ಅಂದರೆ ನಮಗೆ ಅರವತ್ತರ ವಯಸ್ಸು ನೆನಪಾಗುತ್ತದೆ. ಈಜುಗಾರರಿಗೆ ಇಪ್ಪತ್ತು, ಇಪ್ಪತ್ತೆರಡು. ಅದೂ ದೇಹ ಸೋತು ಅಲ್ಲ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜುಗಾರ್ತಿ ಡಾರಾ ಟೊರೆಸ್ ಮೂರು ಬೆಳ್ಳಿ ಗೆದ್ದಾಗ ಅವರಿಗೆ 41. ಅಮೆರಿಕದ ಆಂಥನಿ ಅರ್ವಿನ್ ಅಂತೂ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಹಂಚಿಕೊಂಡು, 22ರ ಆಸುಪಾಸಿಗೆ ಬಿಟ್ಟು ಹೋಗಿ, ಆ ಪದಕವನ್ನೇ ಹರಾಜು ಹಾಕಿ ಸುನಾಮಿ ಸಂತ್ರಸ್ತರಿಗೆ ದುಡ್ಡು ಕೊಟ್ಟು, ನ್ಯೂಯಾರ್ಕ್‌ನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾ ಇದ್ದವರು. ಮಕ್ಕಳಿಗೆ ಕಲಿಸುತ್ತಲೇ ನೀರಿನ ಮೇಲೆ ಮತ್ತೆ ಪ್ರೀತಿ ಹುಟ್ಟಿತು. 2016ರ ರಿಯೋದಲ್ಲಿ, 35ನೇ ವಯಸ್ಸಿನಲ್ಲಿ, ಅದೇ 50 ಮೀಟರ್‌ನಲ್ಲಿ ಮತ್ತೆ ಚಿನ್ನ ಗೆದ್ದರು. ಅಂದರೆ ದೇಹ ಈಜುತ್ತದೆ. ನಮ್ಮಲ್ಲಿ ನಿಂತುಹೋಗುವುದು ಕೆಲಸ ಇಲ್ಲದ್ದಕ್ಕೆ, ಖರ್ಚು ನೋಡಿಕೊಳ್ಳುವವರು ಇಲ್ಲದ್ದಕ್ಕೆ, ಡಿಗ್ರಿ ಮುಗಿಸು ಮೊದಲು ಅನ್ನುವ ಮಾತಿಗೆ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ. ಕ್ರಿಕೆಟ್ ಆಡಿದವರಿಗೆ ನಿವೃತ್ತಿಯ ನಂತರ ಮೈಕ್ ಸಿಗುತ್ತದೆ, ಜಾಹೀರಾತು ಸಿಗುತ್ತದೆ. ಈಜಿದವರಿಗೆ ಒಂದು ಸೀಟಿ ಮತ್ತು ಬೆಳಗಿನ ಎರಡು ಬ್ಯಾಚ್. ಅದನ್ನೂ ಅವರು ಎಷ್ಟು ಮನಸ್ಸಿಟ್ಟು ಮಾಡುತ್ತಾರೆ ಅಂತ ನೋಡಬೇಕು.

ನಿಲ್ಲಿಸಿದ ಮೇಲೆ ಏನಾಯಿತು ಅಂತ ಒಮ್ಮೆ ಕೇಳಿದೆವು. ಮೊದಲ ಕೆಲವು ತಿಂಗಳು ನಾಲ್ಕೂವರೆಗೆ ಎಚ್ಚರವಾಗುತ್ತಿತ್ತಂತೆ, ಎದ್ದು ಏನು ಮಾಡುವುದು ಅಂತ ತಿಳಿಯುತ್ತಿರಲಿಲ್ಲವಂತೆ. ಹಸಿವು ಮಾತ್ರ ಈಜುಗಾರ್ತಿಯ ಹಸಿವೇ. ಕ್ಲೋರಿನ್ ವಾಸನೆ ಬಂದರೆ ಅಳು ಬರುತ್ತಿತ್ತಂತೆ, ಅದಕ್ಕೇ ಎರಡು ವರ್ಷ ಯಾವ ಕೊಳದ ಹತ್ತಿರವೂ ಹೋಗಲಿಲ್ಲ. ಮೈಕೆಲ್ ಫೆಲ್ಪ್ಸ್‌ನಂಥ, 28 ಒಲಿಂಪಿಕ್ ಪದಕ ಗೆದ್ದ ಮನುಷ್ಯನೇ ಒಲಿಂಪಿಕ್ಸ್ ಮುಗಿದ ಮೇಲಿನ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದಾಗ, ಓ ಇದು ನನಗೊಬ್ಬಳಿಗೇ ಆದದ್ದಲ್ಲ ಅಂತ ಅವರಿಗೆ ಸಮಾಧಾನವಾಯಿತಂತೆ. ಮತ್ತೆ ನೀರಿಗಿಳಿದದ್ದು ಮಾಸ್ಟರ್ಸ್ ಈಜಿಗಾಗಿ. 25 ದಾಟಿದವರಿಗೆ ಐದೈದು ವರ್ಷದ ವಯೋಗುಂಪುಗಳಲ್ಲಿ ನಡೆಯುವ ಸ್ಪರ್ಧೆಗಳು ಅವು. ಎಂಬತ್ತು ದಾಟಿದವರಿಗೂ ಗುಂಪು ಇರುತ್ತದೆ.

ಇಂಥವರ ಹತ್ತಿರ ಕಲಿಯುವಾಗ ಸಣ್ಣ ತೊಂದರೆಗೂ ಒಂದು ಉತ್ತರ ಸಿಗುತ್ತದೆ. ನನ್ನ ಕನ್ನಡಕಕ್ಕೆ ನೀರು ನುಗ್ಗಿದಾಗಲೆಲ್ಲ ನಾನು ಗಾಬರಿಯಾಗಿ ಲೇನ್ ಮಧ್ಯೆ ನಿಂತುಬಿಡುತ್ತಿದ್ದೆ. ಕೋಚ್ ಒಂದು ದಿನ ಫೆಲ್ಪ್ಸ್ ಬೀಜಿಂಗ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಈಜಿದ ಕಥೆ ಹೇಳಿದರು. ಕನ್ನಡಕದ ತುಂಬ ನೀರು, ಕೊನೆಗೆ ಗೋಡೆಯೇ ಕಾಣಲಿಲ್ಲ. ಕೈ ಬೀಸಿದ್ದನ್ನು ಎಣಿಸಿಕೊಂಡೇ ಗೋಡೆ ಮುಟ್ಟಿದರು, 1 ನಿಮಿಷ 52.03 ಸೆಕೆಂಡ್, ವಿಶ್ವದಾಖಲೆ. ಬ್ಯಾಕ್‌ಸ್ಟ್ರೋಕ್ ಈಜುಗಾರರಿಗೆ ಈ ಎಣಿಕೆ ದಿನನಿತ್ಯದ್ದು. ಮುಖ ಆಕಾಶಕ್ಕೆ, ಗೋಡೆ ಬೆನ್ನ ಹಿಂದೆ. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಬಾವುಟಗಳ ಸಾಲು ಕಟ್ಟಿರುತ್ತಾರೆ, ಅದು ಕಂಡ ಮೇಲೆ ಇಷ್ಟೇ ಕೈ ಅಂತ ಪ್ರತಿಯೊಬ್ಬರಿಗೂ ತಮ್ಮ ಲೆಕ್ಕ ಗೊತ್ತಿರುತ್ತದೆ. ನನ್ನ ಲೆಕ್ಕವನ್ನು ಅವರು ಕೂತು ಎಣಿಸಿ ಕೊಟ್ಟರು. ಅದಾದ ಮೇಲೆ ಕನ್ನಡಕಕ್ಕೆ ನೀರು ಬಂದರೂ ನಾನು ನಿಲ್ಲುವುದಿಲ್ಲ.

ಇನ್ನು ದೂರುಗಳು. ಎಲ್ಲವೂ ಕೊಳ ನಡೆಸುವವರ ಮೇಲೆ, ಕೋಚ್ ಮೇಲೆ ಒಂದೇ ಒಂದು.

ಬಟ್ಟೆ ಬದಲಿಸುವ ಕೋಣೆ ಸಾಲದು. ಮಹಿಳೆಯರ ಕಡೆ ಇರುವುದು ಎರಡು ಶವರ್, ಅದರಲ್ಲಿ ಒಂದು ಯಾವಾಗಲೂ ರಿಪೇರಿ. ಕೊಳಕ್ಕೆ ಇಳಿಯುವ ಮುಂಚೆ ಎಲ್ಲರೂ ಸ್ನಾನ ಮಾಡಲೇಬೇಕು ಅಂತ ಬೋರ್ಡ್ ಇದೆ, ಆದರೆ ನೋಡುವವರು ಯಾರೂ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಕೊಳದ ಹತ್ತಿರ ಮೂಗಿಗೆ ಹೊಡೆಯುವ ಆ ಘಾಟು ಕ್ಲೋರಿನ್ ಜಾಸ್ತಿ ಹಾಕಿದ್ದರಿಂದ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮು ಇವೆಲ್ಲ ಕ್ಲೋರಿನ್ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಉರಿಯುವುದೂ ಹೆಚ್ಚಾಗಿ ಅದರಿಂದಲೇ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ವಾಸನೆ ಇರುವುದಿಲ್ಲ. ನಮ್ಮ ಕೊಳದಲ್ಲಿ ಸೋಮವಾರ ಬೆಳಿಗ್ಗೆ, ಅಂದರೆ ಭಾನುವಾರದ ಜನಜಂಗುಳಿಯ ಮರುದಿನ, ಘಾಟು ಜಾಸ್ತಿ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ತೋರಿಸುವ ಪಿಎಚ್ ಮಟ್ಟ 7.2ರಿಂದ 7.8ರ ಒಳಗೆ ಇರಬೇಕು, ಅದನ್ನು ದಿನಾ ಬರೆದು ಹಾಕುವ ಬೋರ್ಡ್ ಬೇಕು ಅಂತ ನಾವು ಬರೆದುಕೊಟ್ಟಿದ್ದೇವೆ. ಕೆಲವು ವಾರ ಬರೆದರು, ಆಮೇಲೆ ನಿಂತಿತು.

ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳು ಬರುತ್ತಾರೆ. ಮಕ್ಕಳು ಕಲಿಯಲಿ, ಕಲಿಯಲೇಬೇಕು. ಆದರೆ ನಮಗೆ ಕೊಟ್ಟ ಎರಡು ಲೇನ್‌ಗಳಲ್ಲಿ ಒಂದನ್ನು ಹೇಳದೆ ಕೇಳದೆ ತೆಗೆದುಕೊಂಡು, ಫೀಸು ಮಾತ್ರ ಪೂರ್ತಿ ಕೇಳುವುದು ಸರಿಯಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದು ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದು ಅಂತ ಜಲಮಂಡಳಿ ನಿಷೇಧ ಹಾಕಿತಲ್ಲ, ಅಂಥ ದಿನಗಳು ಮತ್ತೆ ಬಂದರೆ ಫೀಸಿನ ಕಥೆ ಏನು ಅಂತ ಸೇರುವಾಗಲೇ ಕೇಳಿ, ಬರೆಸಿಕೊಳ್ಳಿ. ನಮ್ಮಲ್ಲಿ ಕೇಳಿದರೆ ಆಮೇಲೆ ನೋಡೋಣ ಅನ್ನುತ್ತಾರೆ.

ಕೊಳದ ಗೇಟಿನ ಫಲಕದ ಬಗ್ಗೆಯೂ ಹೇಳಬೇಕು. ಅದರ ಮೇಲೆ ದೊಡ್ಡದಾಗಿ ಕೋಚ್ ಗೆದ್ದ ಪದಕಗಳ ಪಟ್ಟಿ, ಹಳೆಯ ಫೋಟೋ. ಅವರ ಪದಕ ತೋರಿಸಿ ಜನರನ್ನು ಸೇರಿಸಿಕೊಳ್ಳುವ ಆಡಳಿತ, ಅವರಿಗೆ ಕೂರಲು ಒಂದು ಕೋಣೆ ಕೊಟ್ಟಿಲ್ಲ. ಬ್ಯಾಚ್‌ಗಳ ನಡುವೆ ಪಂಪ್‌ಹೌಸ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಅವರು ಇದರ ಬಗ್ಗೆ ಒಂದು ಮಾತೂ ಆಡಿಲ್ಲ, ನಾನೇ ಬರೆಯುತ್ತಿದ್ದೇನೆ.

ಕೋಚ್ ಮೇಲಿನ ಒಂದೇ ದೂರು ಅಂದರೆ, ನೋವು ಅನ್ನುವುದು ಅವರಿಗೆ ಸ್ವಲ್ಪ ಸಲೀಸು. ಹದಿನಾಲ್ಕು ವರ್ಷ ನೋವಿನ ಜೊತೆ ಈಜಿದವರಿಗೆ ನಲವತ್ತು ದಾಟಿದವರ ಭುಜದ ನೋವು ಮೊದಲಿಗೆ ದೊಡ್ಡದಾಗಿ ಕಾಣುವುದಿಲ್ಲ. ಬಿಡಬೇಡಿ, ಇನ್ನೆರಡು ಸುತ್ತು ಅನ್ನುತ್ತಾರೆ. ಹೇಳಿದರೆ ಖಂಡಿತ ನಿಲ್ಲಿಸುತ್ತಾರೆ, ಬೇರೆ ವ್ಯಾಯಾಮ ಕೊಡುತ್ತಾರೆ, ಭುಜದ ಸುತ್ತಲಿನ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮಾಡುವ ವ್ಯಾಯಾಮ ಕಲಿಸಿದ್ದೂ ಅವರೇ. ಆದರೆ ನಾವೇ ಬಾಯಿ ಬಿಟ್ಟು ಹೇಳಬೇಕು. ಸಂಕೋಚದವರು ಇದನ್ನು ನೆನಪಿಟ್ಟುಕೊಳ್ಳಿ.

ಒಂದು ತಿಂಗಳಲ್ಲಿ ನಾಲ್ಕೂ ಸ್ಟ್ರೋಕ್ ಕಲಿಯಬೇಕು ಅನ್ನುವವರಿಗೆ ಈ ಕ್ಲಾಸ್ ಸರಿಹೋಗುವುದಿಲ್ಲ. ಸುಮ್ನೆ ನೀರಿನಲ್ಲಿ ಆಡಿ ಬರೋಣ ಅನ್ನುವವರಿಗೂ ಬೇಡ, ಅದಕ್ಕೆ ಗಂಟೆ ಲೆಕ್ಕದ ಕೊಳಗಳಿವೆ. ನೀರು ಅಂದರೆ ನಡುಗುವವರು, ಒಂದೆರಡು ಕಡೆ ಪ್ರಯತ್ನಿಸಿ ಬಿಟ್ಟವರು, ಅರ್ಧಂಬರ್ಧ ಈಜು ಬಂದು ಅಲ್ಲೇ ನಿಂತವರು, ಇವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ನಿಮ್ಮ ಊರಿನಲ್ಲೂ ಇಂಥವರು ಇರುತ್ತಾರೆ. ಮೈಸೂರು, ಮಂಗಳೂರು, ಬೆಳಗಾವಿ, ಎಲ್ಲೇ ಇರಲಿ, ಜಿಲ್ಲಾ ಕ್ರೀಡಾಂಗಣದ ಕೊಳದಲ್ಲಿ ವಿಚಾರಿಸಿದರೆ ರಾಜ್ಯಕ್ಕೆ ಈಜಿದವರು ಯಾರಿದ್ದಾರೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಹೋಗಿ ಒಂದು ದಿನ ದಂಡೆಯ ಮೇಲೆ ಕೂತು ನೋಡಿ. ಕೋಚ್ ಫೋನ್ ನೋಡುತ್ತಾರಾ, ನೀರು ನೋಡುತ್ತಾರಾ ಅಂತ ಗಮನಿಸಿ. ಎಲ್ಲರಿಗೂ ಒಂದೇ ಮಾತು ಕೂಗುತ್ತಾರಾ, ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುತ್ತಾರಾ ಅಂತ ಕೇಳಿಸಿಕೊಳ್ಳಿ. ಜೀವರಕ್ಷಕರು ಬೇರೆ ಇದ್ದಾರಾ ಅನ್ನುವುದನ್ನೂ ನೋಡಿ, ಕಲಿಸುವವರೇ ಕಾಯುವವರೂ ಆಗಿರಬಾರದು. ಫೀಸು ಐನೂರೋ ಸಾವಿರವೋ ಜಾಸ್ತಿ ಆದರೆ ಚೌಕಾಸಿ ಮಾಡಬೇಡಿ, ದಯವಿಟ್ಟು. ಆ ದುಡ್ಡಲ್ಲಿ ಎಷ್ಟು ಭಾಗ ಕೋಚ್‌ಗೆ ಹೋಗುತ್ತದೆ ಅಂತ ಬೇಕಾದರೆ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಸೇರುವವರು ಜೂನ್‌ನಲ್ಲಿ ಸೇರಿ. ಶಿಬಿರದ ಗದ್ದಲ ಮುಗಿದಿರುತ್ತದೆ, ಮಳೆ ಶುರುವಾಗಿದೆ ಅಂತ ಅರ್ಧ ಜನ ಬರುವುದಿಲ್ಲ, ಲೇನ್ ಖಾಲಿ ಇರುತ್ತದೆ, ಕೋಚ್‌ಗೂ ನಿಮ್ಮ ಜೊತೆ ಕಳೆಯಲು ಸಮಯ ಇರುತ್ತದೆ. ಗುಡುಗು ಸಿಡಿಲು ಇದ್ದರೆ ಮಾತ್ರ ಕ್ಲಾಸ್ ಇಲ್ಲ, ಹೊರಡುವ ಮುಂಚೆ ಗುಂಪಿನಲ್ಲಿ ಮೆಸೇಜ್ ಬಂದಿದೆಯಾ ಅಂತ ನೋಡಿಕೊಳ್ಳಿ.